ಗೊರಸಿನ ಗುಂಡಿಯ ನೀರು: ಹುಲ್ಲುಗಾವಲಿನ ಕಳೆನಾಶಕಕ್ಕೆ ತಡೆ ಬೇಕೇ?

ಪ್ರಶ್ನೆ ಇಷ್ಟೇ. ಮಳೆನೀರು ನಿಂತು ಕಪ್ಪೆಗಳು ಮೊಟ್ಟೆಯಿಡುವ ಹುಲ್ಲುಗಾವಲುಗಳಲ್ಲಿ, ಗೊದಮೊಟ್ಟೆಗಳು ನೀರಿನಲ್ಲಿರುವಷ್ಟು ಕಾಲ ಕಳೆನಾಶಕ ಹೊಡೆಯುವುದನ್ನು ಪೂರ್ತಿ ನಿಲ್ಲಿಸಬೇಕೇ?

ಪರ: ನೀರು ನಿಂತಿರುವಷ್ಟು ದಿನ ಸ್ಪ್ರೇಯರ್ ಕೆಳಗಿಡೋಣ

ಮಳೆ ಹಿಡಿದು ಹತ್ತು ದಿನ ಆದ ಮೇಲೆ ಹುಲ್ಲುಗಾವಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಒಂದು ಗೊರಸಿನ ಗುಂಡಿಯನ್ನು ನೋಡಿ. ದನ ಕಾಲಿಟ್ಟು ಹೋದ ಜಾಗ ಅದು. ಅಂಗೈಯಷ್ಟು ಅಗಲ, ನಾಲ್ಕು ಬೆರಳಿನಷ್ಟು ಆಳ. ಮೊದಲಿಗೆ ಕೆಸರು ನೀರು ಬಿಟ್ಟರೆ ಏನೂ ಕಾಣುವುದಿಲ್ಲ. ನಿಮ್ಮ ನೆರಳು ಬಿದ್ದ ತಕ್ಷಣ ತಳದಲ್ಲಿ ಕರಿ ಎಳ್ಳು ಚೆಲ್ಲಿದ ಹಾಗೆ ಏನೋ ಕದಲುತ್ತದೆ. ಸ್ವಲ್ಪ ಹೊತ್ತು ಅಲ್ಲಾಡದೆ ಕೂತರೆ ಒಂದೊಂದಾಗಿ ಅಂಚಿಗೆ ಬರುತ್ತವೆ. ನೀರಿನಲ್ಲಿ ಮುಳುಗಿದ ಹುಲ್ಲಿನ ಗರಿಗೆ ಬಾಯಿ ಹಚ್ಚಿ ಪಾಚಿ ಕೆರೆಯುತ್ತವೆ. ಯಾವುದಾದರೂ ಒಂದು ಮಗುಚಿಕೊಂಡರೆ ಹೊಟ್ಟೆಯ ತೆಳು ಚರ್ಮದ ಒಳಗೆ ಸುರುಳಿ ಸುತ್ತಿದ ಕರುಳು ಸ್ಪಷ್ಟವಾಗಿ ಕಾಣುತ್ತದೆ.

ಆ ಚರ್ಮದ ಬಗ್ಗೆಯೇ ನನ್ನ ಮಾತೆಲ್ಲ.

ಗೊದಮೊಟ್ಟೆಗೂ ನೀರಿಗೂ ನಡುವೆ ಇರುವ ಗೋಡೆ ತುಂಬಾ ತೆಳು. ಉಸಿರಾಟ ಕಿವಿರಿನಿಂದಲೂ ನಡೆಯುತ್ತದೆ, ಚರ್ಮದಿಂದಲೂ ನಡೆಯುತ್ತದೆ. ನೀರಿನಲ್ಲಿ ಏನು ಕರಗಿದೆಯೋ ಅದು ಒಳಗೆ ಹೋಗಲು ದಾರಿ ಹುಡುಕಬೇಕಿಲ್ಲ. ದನಕ್ಕೆ ಕಾಲಿದೆ, ಹಕ್ಕಿಗೆ ರೆಕ್ಕೆಯಿದೆ, ಔಷಧಿ ವಾಸನೆ ಬಂದರೆ ಅತ್ತ ಸರಿಯುತ್ತವೆ. ಅಂಗೈಯಷ್ಟು ನೀರಿನಲ್ಲಿರುವ ಗೊದಮೊಟ್ಟೆ ಎಲ್ಲಿಗೆ ಹೋಗಬೇಕು?

ಒಂದು ಸಣ್ಣ ಲೆಕ್ಕ ಮಾಡೋಣ. ಹೆಕ್ಟೇರಿಗೆ ಒಂದು ಕೆಜಿ ಕಳೆನಾಶಕ ಹೊಡೆದೆವು ಅಂತಿಟ್ಟುಕೊಳ್ಳಿ, ಡಬ್ಬಿಯ ತೂಕ ಅಲ್ಲ, ಅದರೊಳಗಿನ ಮೂಲ ರಾಸಾಯನಿಕದ ತೂಕ. ಹೆಕ್ಟೇರ್ ಅಂದರೆ 10,000 ಚದರ ಮೀಟರ್. ಅಂದರೆ ಒಂದು ಚದರ ಮೀಟರಿಗೆ 100 ಮಿಲಿಗ್ರಾಂ ಬೀಳುತ್ತದೆ. ಅಲ್ಲಿ ಒಂದು ಮೀಟರ್ ಆಳದ ಹೊಂಡ ಇದ್ದರೆ ಅಷ್ಟೂ 1,000 ಲೀಟರ್ ನೀರಿಗೆ ಹಂಚಿಹೋಗಿ ಲೀಟರಿಗೆ 0.1 ಮಿಲಿಗ್ರಾಂ ಆಗುತ್ತದೆ. ಹದಿನೈದು ಸೆಂಟಿಮೀಟರ್ ನೀರಿದ್ದರೆ 0.7ರ ಹತ್ತಿರ. ಐದೇ ಸೆಂಟಿಮೀಟರ್ ಇದ್ದರೆ 2 ಮಿಲಿಗ್ರಾಂ. ಕ್ಯಾನ್ ಅದೇ, ಕೈ ಅದೇ, ಹೊಡೆದ ಪ್ರಮಾಣವೂ ಅದೇ. ನೀರಿನ ಆಳ ಕಡಿಮೆಯಾದಷ್ಟೂ ವಿಷ ಗಟ್ಟಿಯಾಗುತ್ತದೆ. ಕಪ್ಪೆಗಳಲ್ಲಿ ಬಹಳಷ್ಟು ಜಾತಿಗಳು ಮೊಟ್ಟೆಗೆ ಆರಿಸಿಕೊಳ್ಳುವುದು ಇಂಥ ಆಳವಿಲ್ಲದ, ಮೀನಿಲ್ಲದ, ಬೇಗ ಬಿಸಿಯಾಗುವ ನೀರನ್ನೇ. ಮೀನಿದ್ದ ಕಡೆ ಮರಿ ಉಳಿಯುವುದಿಲ್ಲ, ಅದು ಅವುಗಳಿಗೆ ಗೊತ್ತು.

ಈಗ ಆ 2 ಮಿಲಿಗ್ರಾಂ ಏನು ಮಾಡುತ್ತದೆ ನೋಡೋಣ. ಅಮೆರಿಕದ ಪರಿಸರ ವಿಜ್ಞಾನಿ ರಿಕ್ ರೆಲಿಯಾ ಉತ್ತರ ಅಮೆರಿಕದ ಆರು ಜಾತಿಯ ಗೊದಮೊಟ್ಟೆಗಳನ್ನು 16 ದಿನ ರೌಂಡಪ್ ಬೆರೆತ ನೀರಿನಲ್ಲಿಟ್ಟು ನೋಡಿದರು. ರೌಂಡಪ್ ಅಂದರೆ 1970ರ ದಶಕದಿಂದ ಮಾರುಕಟ್ಟೆಯಲ್ಲಿರುವ, ಗ್ಲೈಫೋಸೇಟ್ ಇರುವ ಕಳೆನಾಶಕ. ಅರ್ಧದಷ್ಟು ಗೊದಮೊಟ್ಟೆಗಳು ಸಾಯಲು ಬೇಕಾದ ಪ್ರಮಾಣ ಜಾತಿಯಿಂದ ಜಾತಿಗೆ ಬೇರೆಯಾಗಿತ್ತು: ಲೀಟರಿಗೆ 0.55ರಿಂದ 2.52 ಮಿಲಿಗ್ರಾಂ. ನಮ್ಮ ಐದು ಸೆಂಟಿಮೀಟರ್ ನೀರು ಸರಿಯಾಗಿ ಇದರ ನಡುವೆ ಬರುತ್ತದೆ. 2005ರಲ್ಲಿ ಪ್ರಕಟವಾದ ಅವರ ಇನ್ನೊಂದು ಪ್ರಯೋಗ ಗಾಜಿನ ಪಾತ್ರೆಯದಲ್ಲ, ಹೊರಗಿನ ದೊಡ್ಡ ತೊಟ್ಟಿಗಳದ್ದು. ಅಲ್ಲಿ ಲೀಟರಿಗೆ 3.8 ಮಿಲಿಗ್ರಾಂ ಸೇರಿದಾಗ ಮೂರು ವಾರದಲ್ಲಿ 96ರಿಂದ 100 ಶೇಕಡಾ ಗೊದಮೊಟ್ಟೆಗಳು ಸತ್ತವು. ತಳದಲ್ಲಿ ಮಣ್ಣು ಹಾಕಿದರೂ ಉಳಿಯಲಿಲ್ಲ. ಗ್ಲೈಫೋಸೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಚಿಂತೆ ಬೇಡ ಅಂತ ಎಷ್ಟು ಸಲ ಕೇಳಿದ್ದೇವೆ ಅಲ್ವಾ? ಬಾಲ ಕರಗಿ ಆಗಷ್ಟೇ ನೆಲಕ್ಕೆ ಬಂದ ಪುಟ್ಟ ಕಪ್ಪೆಗಳ ಮೇಲೆ ನೇರವಾಗಿ ಸಿಂಪಡಿಸಿದಾಗ ಒಂದೇ ದಿನದಲ್ಲಿ 68ರಿಂದ 86 ಶೇಕಡಾ ಸತ್ತವು.

ಗ್ಲೈಫೋಸೇಟ್ ಕೆಲಸ ಮಾಡುವುದು ಗಿಡಗಳಲ್ಲಿ ಮತ್ತು ಕೆಲವು ಸೂಕ್ಷ್ಮಜೀವಿಗಳಲ್ಲಿ ಇರುವ ಒಂದು ಕಿಣ್ವದ ಮೇಲೆ, ಪ್ರಾಣಿಗಳಲ್ಲಿ ಆ ದಾರಿಯೇ ಇಲ್ಲ ಅಂತ ಹೇಳುತ್ತಾರೆ. ಆ ಮಾತು ನಿಜ. ಆದರೆ ಡಬ್ಬಿಯಲ್ಲಿ ಗ್ಲೈಫೋಸೇಟ್ ಒಂದೇ ಇರುವುದಿಲ್ಲ. ಎಲೆಯ ಮೇಲಿನ ಮೇಣದ ಪದರದಲ್ಲಿ ಹನಿ ಜಾರದೆ ಹರಡಿ ಒಳಗೆ ಇಳಿಯಬೇಕಲ್ಲ, ಅದಕ್ಕೆ ಸರ್ಫ್ಯಾಕ್ಟಂಟ್ ಅನ್ನುವ ಸೋಪಿನ ಜಾತಿಯ ವಸ್ತು ಬೆರೆಸುತ್ತಾರೆ. ಹಳೆಯ ರೌಂಡಪ್‌ನಲ್ಲಿದ್ದದ್ದು ಪ್ರಾಣಿಗಳ ಕೊಬ್ಬಿನಿಂದ ತಯಾರಾಗುವ, ಚಿಕ್ಕದಾಗಿ ಪಿಒಇಎ ಅನ್ನುವ ಸರ್ಫ್ಯಾಕ್ಟಂಟ್. ಎಲೆಯ ಮೇಣವನ್ನು ದಾಟಿಸುವ ಅದೇ ಗುಣ ಗೊದಮೊಟ್ಟೆಯ ಕಿವಿರಿನ ಪೊರೆಯನ್ನೂ ಹಾಳು ಮಾಡುತ್ತದೆ. ಎಷ್ಟೋ ದೇಶಗಳಲ್ಲಿ ಡಬ್ಬಿಯ ಚೀಟಿಯ ಮೇಲೆ ಈ ವಸ್ತುಗಳ ಹೆಸರನ್ನೇ ಬರೆಯಬೇಕಾಗಿಲ್ಲ. ಅವು 'ಇತರ ಪದಾರ್ಥಗಳು'. ಹೊಡೆಯುವವನಿಗೇ ತಾನು ಏನು ಹೊಡೆಯುತ್ತಿದ್ದೇನೆ ಅನ್ನುವುದು ಪೂರ್ತಿ ಗೊತ್ತಿರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಹುಲ್ಲುಗಾವಲಿನಲ್ಲಿ ಜಾಸ್ತಿ ಬಳಸುವುದು ಗ್ಲೈಫೋಸೇಟ್ ಅಲ್ಲ, ಅದು ಹುಲ್ಲನ್ನೂ ಸುಡುತ್ತದೆ. ಹುಲ್ಲು ಉಳಿಯಬೇಕು, ಅಗಲ ಎಲೆಯ ಕಳೆ ಸಾಯಬೇಕು ಅಂದರೆ 2,4-ಡಿ, ಪಿಕ್ಲೋರಾಮ್, ಟ್ರೈಕ್ಲೋಪಿರ್ ಇಂಥವು ಬೇಕು. ಇವು ಗಿಡದ ಬೆಳವಣಿಗೆಯ ಹಾರ್ಮೋನನ್ನು ಅನುಕರಿಸಿ ಕಳೆಯನ್ನು ಸಿಕ್ಕಾಪಟ್ಟೆ ಬೆಳೆಸಿ ಕೊಲ್ಲುತ್ತವೆ. ಇವುಗಳಲ್ಲೂ ಕೆಲವು ಎಸ್ಟರ್ ರೂಪದಲ್ಲಿ ಬರುತ್ತವೆ. ಎಸ್ಟರ್ ಕೊಬ್ಬಿನಲ್ಲಿ ಕರಗುವ ಜಾತಿ, ಜೀವಿಯ ಪೊರೆ ದಾಟುವುದು ಅದಕ್ಕೆ ಸುಲಭ. 1994ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ ಟ್ರೈಕ್ಲೋಪಿರ್ ಲೀಟರಿಗೆ 2.4 ಮಿಲಿಗ್ರಾಂ ಇದ್ದ ನೀರಿನಲ್ಲೇ ಗೊದಮೊಟ್ಟೆಗಳು ಸತ್ತವು, ಇಲ್ಲವೇ ಚುಚ್ಚಿದರೂ ಕದಲದ ಹಾಗಾದವು. ಕದಲದ ಗೊದಮೊಟ್ಟೆ ಕಾಗದದ ಮೇಲೆ 'ಬದುಕಿದೆ'. ಹೊಂಡದಲ್ಲಿ ಅದನ್ನು ಒಂದು ಡ್ರಾಗನ್‌ಫ್ಲೈ ಮರಿ ಎರಡು ನಿಮಿಷದಲ್ಲಿ ಹಿಡಿದುಬಿಡುತ್ತದೆ.

ಪಿಕ್ಲೋರಾಮ್‌ನ ಕಥೆ ಬೇರೆ. ಅದು ತಕ್ಷಣ ಕೊಲ್ಲುವುದು ಕಡಿಮೆ. ಆದರೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನೀರಿನ ಜೊತೆ ಸುಲಭವಾಗಿ ಹರಿಯುತ್ತದೆ. ಅದೇ ಗುಂಪಿನ ಅಮಿನೋಪಿರಾಲಿಡ್ ದನದ ಹೊಟ್ಟೆಯೊಳಗೆ ಹೋಗಿ, ಸಗಣಿಯಲ್ಲಿ ಹೊರಬಂದು, ಗೊಬ್ಬರವಾಗಿ ತೋಟ ಸೇರಿದ ಮೇಲೂ ಟೊಮೆಟೊ ಗಿಡದ ಎಲೆ ಮುರುಟಿಸುವಷ್ಟು ಗಟ್ಟಿ ಪಿಂಡ. ಹಾಗೆ ಉಳಿಯುವ ವಸ್ತುವನ್ನು ಮಳೆ ಎಲ್ಲಿಗೆ ಒಯ್ಯುತ್ತದೆ? ತಗ್ಗಿಗೆ. ತಗ್ಗಿನಲ್ಲಿ ಏನಿದೆ? ಗೊದಮೊಟ್ಟೆ.

ಸಾವೊಂದೇ ಲೆಕ್ಕ ಅಲ್ಲ. ಒಣಗುವ ಹೊಂಡದಲ್ಲಿ ಹುಟ್ಟಿದ ಗೊದಮೊಟ್ಟೆಯ ಬದುಕು ಒಂದು ಓಟ. ನೀರು ಬತ್ತುವ ಮೊದಲು ಕಾಲು ಮೂಡಬೇಕು, ಬಾಲ ಕರಗಬೇಕು, ಶ್ವಾಸಕೋಶ ತಯಾರಾಗಬೇಕು. ಇಷ್ಟನ್ನೂ ನಡೆಸುವುದು ಥೈರಾಯ್ಡ್ ಹಾರ್ಮೋನ್. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪಿಒಇಎ ಮತ್ತು ಅದನ್ನು ಬೆರೆಸಿದ ಕಳೆನಾಶಕಗಳಿದ್ದ ನೀರಿನಲ್ಲಿ ಬೆಳೆದ ಲೆಪರ್ಡ್ ಕಪ್ಪೆಯ ಗೊದಮೊಟ್ಟೆಗಳು ಸಣ್ಣದಾಗಿಯೇ ಉಳಿದವು, ಕಪ್ಪೆಯಾಗಲು ಜಾಸ್ತಿ ದಿನ ತೆಗೆದುಕೊಂಡವು, ಕೆಲವಕ್ಕೆ ಬಾಲ ಹಾಳಾಯಿತು, ಜನನಾಂಗಗಳಲ್ಲೂ ದೋಷ ಕಂಡಿತು. ಪ್ರಯೋಗಾಲಯದಲ್ಲಿ ಒಂದು ವಾರ ತಡವಾದರೆ ಅದು ಕೋಷ್ಟಕದಲ್ಲಿ ಒಂದು ಅಂಕಿ. ಹುಲ್ಲುಗಾವಲಿನಲ್ಲಿ ಒಂದು ವಾರ ತಡವಾದರೆ ಗುಂಡಿ ಒಣಗಿ, ಬಿರುಕುಬಿಟ್ಟ ಕೆಸರಿನ ಮೇಲೆ ಎಲ್ಲವೂ ಒಟ್ಟಿಗೆ ಅಂಟಿಕೊಂಡು ಸಾಯುತ್ತವೆ. ಅದನ್ನು ನಾನು ನೋಡಿದ್ದೇನೆ. ಅವು ವಿಷದಿಂದ ಸತ್ತವೋ ಬರೀ ಬಿಸಿಲಿನಿಂದ ಸತ್ತವೋ ಅಂತ ನೋಡಿದವರು ಯಾರೂ ಹೇಳಲಾರರು. ಇಂಥ ಸಾವು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಪರೀಕ್ಷೆಗಳಾದರೂ ಗೊದಮೊಟ್ಟೆಯನ್ನು ಕಾಯುತ್ತವೆಯೇ? ಅಮೆರಿಕದ ಪದ್ಧತಿಯಲ್ಲಿ ನೀರಿನಲ್ಲಿರುವ ಕಪ್ಪೆಮರಿಗೆ ಬದಲಿಯಾಗಿ ಮೀನಿನ ಅಂಕಿಗಳನ್ನೇ ಬಳಸುತ್ತಾರೆ. ನೆಲದ ಮೇಲಿನ ಕಪ್ಪೆಗೆ ಹಕ್ಕಿಯ ಅಂಕಿ. ಹಕ್ಕಿಗೆ ಪುಕ್ಕ ಇದೆ, ಕಪ್ಪೆಗೆ ಬರಿಮೈ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ತಜ್ಞರ ಸಮಿತಿಯೇ 2018ರಲ್ಲಿ ಕಪ್ಪೆಯಂಥ ಉಭಯವಾಸಿಗಳಿಗೆ ಅವುಗಳದ್ದೇ ಆದ ಅಪಾಯ ಪರೀಕ್ಷೆ ಬೇಕು ಅನ್ನುವ ಕಡೆಗೆ ಅಭಿಪ್ರಾಯ ಕೊಟ್ಟಿತು. ಪ್ರಪಂಚದಲ್ಲಿ ಉಭಯವಾಸಿ ಜಾತಿಗಳಲ್ಲಿ ಸುಮಾರು 41 ಶೇಕಡಾ ಅಳಿವಿನ ಅಂಚಿನಲ್ಲಿವೆ ಅಂತ 2023ರ ಜಾಗತಿಕ ಸಮೀಕ್ಷೆ ಹೇಳಿದೆ. ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಇವುಗಳಷ್ಟು ಕಷ್ಟದಲ್ಲಿರುವ ಗುಂಪು ಇನ್ನೊಂದಿಲ್ಲ.

'ನೀರಿನ ಮೇಲೆ ಹೊಡೆಯಬೇಡಿ' ಅಂತ ಡಬ್ಬಿಯ ಮೇಲೆ ಬರೆದಿದೆಯಲ್ಲ, ಇನ್ನೇನು ಬೇಕು ಅನ್ನಬಹುದು. ನೀರು ಅಂದರೆ ಹೊಡೆಯುವವನ ಕಣ್ಣಿಗೆ ಕೆರೆ, ಹಳ್ಳ, ಹೊಂಡ. ಹುಲ್ಲಿನ ಬುಡದಲ್ಲಿ ಮುಚ್ಚಿಹೋದ ನಾಲ್ಕು ಬೆರಳು ನೀರು ಅವನಿಗೆ ಕಾಣುವುದೇ ಇಲ್ಲ. ಅವನ ತಪ್ಪಲ್ಲ ಅದು. ಬೆನ್ನ ಮೇಲೆ ಹದಿನಾರು ಲೀಟರ್ ಹೊತ್ತು, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಡೆಯುವವನು ಹೆಜ್ಜೆ ಹೆಜ್ಜೆಗೂ ಬಗ್ಗಿ ಗುಂಡಿ ನೋಡಲಾರ. ಇಷ್ಟು ಮೀಟರ್ ದೂರ ಬಿಡಿ ಅನ್ನುವ ನಿಯಮ ಹೊಂಡಕ್ಕೆ ಸರಿ. ಸಾವಿರ ಗುಂಡಿಗಳಿರುವ ಬಯಲಿನಲ್ಲಿ ಯಾವುದರಿಂದ ದೂರ ಅಳೆಯುವುದು?

ಹಾಗಾಗಿ ದೂರದ ನಿಯಮ ಸಾಲದು, ಕಾಲದ ನಿಯಮ ಬೇಕು. ನೀರು ನಿಂತಾಗಿನಿಂದ ಮರಿಕಪ್ಪೆಗಳು ನೆಲ ಹತ್ತಿ ಹೋಗುವವರೆಗೆ ಸಿಂಪಡಣೆ ಬೇಡ. ಆ ದಿನಗಳಲ್ಲಿ ಕಳೆ ಕೀಳಲಿ, ಕೊಯ್ಯಲಿ, ಹೂ ಬಿಡುವ ಮೊದಲು ತಲೆ ಕತ್ತರಿಸಲಿ. ಕಷ್ಟದ ಕೆಲಸ, ಒಪ್ಪುತ್ತೇನೆ. ಆದರೆ ಕಳೆ ಚಿಗುರುವುದೂ ಕಪ್ಪೆ ಮೊಟ್ಟೆಯಿಡುವುದೂ ಒಂದೇ ಮಳೆಗೆ. ಎರಡಕ್ಕೂ ಹುಟ್ಟಿದ ದಿನ ಒಂದೇ ಆಗಿರುವಾಗ, ಒಂದನ್ನು ಕೊಲ್ಲಲು ಎತ್ತಿದ ಕೈ ಇನ್ನೊಂದರ ಮೇಲೆ ಬೀಳದೆ ಇರುವುದಿಲ್ಲ.

ವಿರೋಧ: ತಡೆ ಬೇಕಿರುವುದು ಡಬ್ಬಿಯೊಳಗಿನ ಸೋಪಿಗೆ

ಮೇಲೆ ಬರೆದವರು ಗೊದಮೊಟ್ಟೆಯನ್ನು ಹತ್ತಿರದಿಂದ ತೋರಿಸಿದ್ದಾರೆ. ನಾನು ಒಂದು ಹಸುವನ್ನು ತೋರಿಸುತ್ತೇನೆ.

ಲಂಟಾನ ತಿಂದ ಹಸು ಅದು. ಮೇವು ಕಡಿಮೆಯಾಗಿ, ಪೊದೆ ಹಬ್ಬಿ ಹಬ್ಬಿ ಹುಲ್ಲು ಇಲ್ಲವಾದ ಕಡೆ ಮೇಯಲು ಬಿಟ್ಟಿದ್ದರು. ಲಂಟಾನದ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಹಸಿರು ಮೇವು ಜೀರ್ಣವಾದಾಗ ಬರುವ ಒಂದು ವಸ್ತುವನ್ನು ಆಮೇಲೆ ದೇಹ ಹೊರಗೆ ಹಾಕಲಾರದು. ಅದು ರಕ್ತದಲ್ಲೇ ಉಳಿದು ಚರ್ಮಕ್ಕೆ ಬಂದರೆ ಬಿಸಿಲೇ ಬೆಂಕಿಯಾಗುತ್ತದೆ. ಮೂತಿ ಊದಿ, ಕಣ್ಣಿನ ಸುತ್ತ ಚರ್ಮ ಒಡೆದು, ಬಿಳಿ ಕೂದಲಿರುವ ಕಡೆಯೆಲ್ಲ ತೊಗಟೆಯ ಹಾಗೆ ಏಳುತ್ತದೆ. ಆ ಹಸು ಹಗಲೆಲ್ಲ ಮರದ ನೆರಳು ಬಿಟ್ಟು ಬರುತ್ತಿರಲಿಲ್ಲ. ಮೇವು ಮುಂದಿಟ್ಟರೂ ಮುಖ ತಿರುಗಿಸುತ್ತಿತ್ತು. ಕಳೆ ಅಂದರೆ ಹೊಲದ ಅಂದ ಕೆಡಿಸುವ ಗಿಡ ಅಂತ ಅಂದುಕೊಂಡವರಿಗೆ ಇದು ಗೊತ್ತಿರಲಿ. ಹುಲ್ಲುಗಾವಲಿನಲ್ಲಿ ಕಳೆ ಕೆಲವೊಮ್ಮೆ ಪ್ರಾಣದ ಪ್ರಶ್ನೆ.

ಗೊದಮೊಟ್ಟೆ ಸತ್ತರೆ ನನಗೇನು ಅನ್ನುವ ಗುಂಪಿನವನು ನಾನಲ್ಲ. ರೆಲಿಯಾ ಅವರ ಅಂಕಿಗಳನ್ನೂ ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಒಂದೇ. ಮಳೆಗಾಲ ಪೂರ್ತಿ ಎಲ್ಲ ಕಳೆನಾಶಕವನ್ನೂ ನಿಲ್ಲಿಸಿದರೆ ಗೊದಮೊಟ್ಟೆಗೆ ಸಿಗುವ ಲಾಭ ಕಡಿಮೆ, ತಪ್ಪಿಸಿಕೊಳ್ಳುವ ಅಪರಾಧಿ ದೊಡ್ಡದು.

ಆ ಅಪರಾಧಿ ಯಾರು ಅನ್ನುವುದನ್ನು ಅವರೇ ಹೇಳಿದ್ದಾರೆ, ಆದರೆ ಹೇಳಿ ಮುಂದೆ ಹೋಗಿಬಿಟ್ಟರು. 1999ರಲ್ಲಿ ಪ್ರಕಟವಾದ ನೈಋತ್ಯ ಆಸ್ಟ್ರೇಲಿಯಾದ ಅಧ್ಯಯನವನ್ನೇ ತೆಗೆದುಕೊಳ್ಳಿ. ನಾಲ್ಕು ಜಾತಿಯ ಗೊದಮೊಟ್ಟೆಗಳನ್ನು 48 ಗಂಟೆ ಪರೀಕ್ಷಿಸಿದರು. ಸರ್ಫ್ಯಾಕ್ಟಂಟ್ ಇಲ್ಲದ ಬರೀ ಗ್ಲೈಫೋಸೇಟ್ ಲವಣ ಲೀಟರಿಗೆ 300 ಮಿಲಿಗ್ರಾಂ ದಾಟಿದರೂ ಒಂದೂ ಸಾಯಲಿಲ್ಲ. ಅದೇ ಗ್ಲೈಫೋಸೇಟ್ ಹಳೆಯ ರೌಂಡಪ್ ರೂಪದಲ್ಲಿ ಬಂದಾಗ ಜಾತಿಗೆ ತಕ್ಕಂತೆ ಸುಮಾರು 3ರಿಂದ 12 ಮಿಲಿಗ್ರಾಂಗೇ ಅರ್ಧದಷ್ಟು ಸತ್ತವು. ಸರ್ಫ್ಯಾಕ್ಟಂಟ್ ಬದಲಿಸಿ ತಯಾರಿಸಿದ ಬಯಾಕ್ಟಿವ್ ಅನ್ನುವ ರೂಪ ಹಾಕಿದಾಗ ಅರ್ಧದಷ್ಟು ಸಾಯಲು ಮತ್ತೆ ನೂರಾರು ಮಿಲಿಗ್ರಾಂ ಬೇಕಾಯಿತು. ಕಳೆ ಕೊಲ್ಲುವ ವಸ್ತು ಮೂರರಲ್ಲೂ ಒಂದೇ. ಬದಲಾದದ್ದು ಸೋಪು.

ಇದು ಗೊತ್ತಾದ ಮೇಲೆ ಏನು ಮಾಡಬೇಕಿತ್ತೋ ಅದನ್ನು ಕೆಲವರು ಮಾಡಿದರು. ಆಸ್ಟ್ರೇಲಿಯಾದ ನಿಯಂತ್ರಕರು 1996ರಲ್ಲೇ ನೀರಿನ ಹತ್ತಿರ ಹಳೆಯ ರೂಪಗಳ ಬಳಕೆಗೆ ಕಡಿವಾಣ ಹಾಕಿದ್ದರು. ಯುರೋಪಿಯನ್ ಒಕ್ಕೂಟ 2016ರಲ್ಲಿ ಗ್ಲೈಫೋಸೇಟ್ ಜೊತೆ ಪಿಒಇಎ ಬೆರೆಸುವುದನ್ನೇ ನಿಷೇಧಿಸಿತು. ಎರಡು ಕಡೆಯೂ ಮುಟ್ಟಿದ್ದು ಕ್ಯಾಲೆಂಡರನ್ನಲ್ಲ, ಡಬ್ಬಿಯನ್ನು. ಜರ್ಮನಿಯ ವಿಜ್ಞಾನಿಗಳು 2013ರಲ್ಲಿ ಪುಟ್ಟ ಕಪ್ಪೆಗಳ ಮೇಲೆ ಮಾಡಿದ ಪ್ರಯೋಗವೂ ಇದೇ ಕಡೆ ಬೆರಳು ತೋರಿಸುತ್ತದೆ. ಅದು ಶಿಲೀಂಧ್ರನಾಶಕದ ಪ್ರಯೋಗ, ಕಳೆನಾಶಕದ್ದಲ್ಲ, ಆದರೂ ಪಾಠ ಒಂದೇ. ಮೂಲ ವಸ್ತು ಒಂದೇ ಇರುವ ಎರಡು ಡಬ್ಬಿ, ಎರಡನ್ನೂ ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲೇ ಹೊಡೆದರು. ಪೆಟ್ರೋಲಿಯಂನಿಂದ ಬರುವ ನ್ಯಾಫ್ತಾ ದ್ರಾವಕ ಜಾಸ್ತಿ ಇದ್ದ ಡಬ್ಬಿ ಒಂದು ಗಂಟೆಯಲ್ಲಿ ಎಲ್ಲ ಕಪ್ಪೆಗಳನ್ನೂ ಕೊಂದಿತು. ಕಡಿಮೆ ಇದ್ದದ್ದು ಐದರಲ್ಲಿ ಒಂದನ್ನು. ಐದರಲ್ಲಿ ಒಂದು ಅನ್ನುವುದೂ ಸಣ್ಣದಲ್ಲ. ಆದರೆ ಎರಡು ಡಬ್ಬಿಗಳ ನಡುವೆ ಅಷ್ಟು ದೊಡ್ಡ ಅಂತರ ಇರುವಾಗ ಎರಡಕ್ಕೂ ಒಂದೇ ನಿಯಮ ಯಾಕೆ?

2,4-ಡಿ ಮತ್ತು ಟ್ರೈಕ್ಲೋಪಿರ್ ವಿಷಯದಲ್ಲೂ ಹಾಗೇ. ಎಸ್ಟರ್ ರೂಪ ನೀರಿನ ಜೀವಿಗಳಿಗೆ ತುಂಬಾ ಕೆಟ್ಟದ್ದು. ನೀರಿನಲ್ಲಿ ಕರಗುವ ಅಮೈನ್ ಲವಣದ ರೂಪ ಕೆಟ್ಟತನದಲ್ಲಿ ಅದರ ಹತ್ತಿರವೂ ಬರುವುದಿಲ್ಲ. ಎರಡಕ್ಕೂ ಕಳೆ ಸಾಯುತ್ತದೆ. ತೇವ ಇರುವ ಹುಲ್ಲುಗಾವಲಿಗೆ ಎಸ್ಟರ್ ಮಾರಲೇಬಾರದು ಅಂತ ನಿಯಮ ತಂದರೆ ನಾನೇ ಮುಂದೆ ನಿಂತು ಕೈ ಎತ್ತುತ್ತೇನೆ. ಡಬ್ಬಿಯೊಳಗಿನ ಪ್ರತಿಯೊಂದು ವಸ್ತುವಿನ ಹೆಸರನ್ನೂ ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಬೇಕು ಅಂದರೂ ಅಷ್ಟೇ. ಆ ಸಿಟ್ಟು ನನ್ನದೂ ಹೌದು.

ಇನ್ನು ತೊಟ್ಟಿ ಮತ್ತು ಬಯಲಿನ ನಡುವಿನ ವ್ಯತ್ಯಾಸ. ರೆಲಿಯಾ ಅವರ ಕೆಲಸದಲ್ಲೇ ನನಗೆ ತುಂಬಾ ಹಿಡಿಸಿದ ಭಾಗ ಇದು. ಪ್ರಯೋಗಾಲಯದಲ್ಲಿ ಅವರು ಗೊದಮೊಟ್ಟೆಗಳಿಗೆ ಶತ್ರುವಿನ ವಾಸನೆ ತೋರಿಸಿ ರೌಂಡಪ್ ಹಾಕಿದಾಗ ಒಂದು ಜಾತಿಗೆ ವಿಷ ಎರಡು ಪಟ್ಟಿನವರೆಗೂ ಜಾಸ್ತಿ ತಾಗಿತು. ಹೆದರಿಕೆ ಮತ್ತು ವಿಷ, ಎರಡೂ ಸೇರಿ. ಎಲ್ಲರೂ ಒಪ್ಪುವಂಥ ಮಾತು. ಆಮೇಲೆ ಹೊರಗಿನ ತೊಟ್ಟಿಗಳಲ್ಲಿ ಅದನ್ನೇ ಮಾಡಿ 2012ರಲ್ಲಿ ಪ್ರಕಟಿಸಿದ ಫಲಿತಾಂಶ ಉಲ್ಟಾ ಬಂತು. ಶತ್ರುವಿದ್ದ ತೊಟ್ಟಿಯಲ್ಲಿ ಸಾವು ಕಡಿಮೆ! ಬಿಸಿಲಿಗೆ ಕಾದ ನೀರಿನಲ್ಲಿ ಕಳೆನಾಶಕ ಮೇಲಿನ ಪದರದಲ್ಲೇ ಜಾಸ್ತಿ ಉಳಿದಿತ್ತು. ಶತ್ರುವಿಗೆ ಹೆದರಿದ ಗೊದಮೊಟ್ಟೆಗಳು ತಳ ಸೇರಿ ಕೂತವು, ಅಲ್ಲಿ ವಿಷ ಕಡಿಮೆ, ಹಾಗಾಗಿ ಬದುಕಿದವು. ಒಬ್ಬರೇ ವಿಜ್ಞಾನಿ, ಅದೇ ವಿಷ, ಅದೇ ಹೆದರಿಕೆ. ನೀರಿಗೆ ಆಳ ಮತ್ತು ಬಿಸಿಲು ಸೇರಿದ ಕೂಡಲೇ ಉತ್ತರ ತಿರುಗಿತು. ಗಾಜಿನ ಪಾತ್ರೆಯ ಅಂಕಿ ತಗೊಂಡು ಸೀದಾ ಕಾನೂನು ಬರೆಯಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕೆನಡಾದಲ್ಲಿ ಕಾಡಿನ 51 ಜವುಗು ನೀರಿನ ತಾಣಗಳನ್ನು ಅಲ್ಲೇ ಹೋಗಿ ಅಳೆದರು. ಕೆಲವುಗಳ ಮೇಲೆಯೇ ಕಳೆನಾಶಕ ಬಿದ್ದಿತ್ತು, ಕೆಲವು ಪಕ್ಕದಲ್ಲಿದ್ದವು, ಕೆಲವಕ್ಕೆ ಗಿಡಗಂಟಿಯ ಅಂಚು ಬಿಟ್ಟಿದ್ದರು. 2004ರಲ್ಲಿ ಬಂದ ಫಲಿತಾಂಶದ ಪ್ರಕಾರ ನೀರಿನೊಳಗೆ ಪಂಜರದಲ್ಲಿಟ್ಟ ಗೊದಮೊಟ್ಟೆಗಳ ಸಾವಿನಲ್ಲಿ ಈ ಮೂರರ ನಡುವೆ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ. ಗಿಡಗಳ ಅಂಚು ಇದ್ದ ಕಡೆ ನೀರಿಗೆ ಸೇರಿದ ವಿಷವೂ ತುಂಬಾ ಕಡಿಮೆ ಇತ್ತು. ಕಾಡಿನ ಜವುಗೂ ಬಯಲಿನ ಗುಂಡಿಯೂ ಒಂದೇ ಅಲ್ಲ, ನಿಜ. ಆದರೆ ಒಂದು ಪಟ್ಟಿ ಹುಲ್ಲು-ಪೊದೆ ಉಳಿಸಿದರೆ ಎಷ್ಟು ಕೆಲಸ ಆಗುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ.

ಈಗ ದನದ ಮಾತು. ಹುಲ್ಲುಗಾವಲಿನ ಗೊದಮೊಟ್ಟೆಗೆ ದಿನಾ ಎದುರಾಗುವ ಕಷ್ಟ ಡಬ್ಬಿಯಿಂದ ಮಾತ್ರ ಬರುವುದಿಲ್ಲ. ಅಮೆರಿಕದ ಟೆನೆಸ್ಸಿಯಲ್ಲಿ ದನ ಇಳಿಯುವ ಹೊಂಡಗಳನ್ನೂ ಬೇಲಿ ಹಾಕಿ ದನ ತಡೆದ ಹೊಂಡಗಳನ್ನೂ ಹೋಲಿಸಿ ನೋಡಿದರು. ದನ ಇಳಿಯದ ಹೊಂಡಗಳಲ್ಲಿ ಗೊದಮೊಟ್ಟೆಗಳ ಸಂಖ್ಯೆಯೂ ಜಾತಿಗಳೂ ಜಾಸ್ತಿ. ದನ ಇಳಿದ ಕಡೆ ನೀರು ಕದಡಿ, ಸಗಣಿ-ಗಂಜಲ ಸೇರಿ, ಆಮ್ಲಜನಕ ಕಡಿಮೆಯಾಗಿತ್ತು. ಇದು 2008ರಲ್ಲಿ ಪ್ರಕಟವಾಗಿದೆ. ಕಳೆನಾಶಕ ಪೂರ್ತಿ ನಿಲ್ಲಿಸಿ ಹೊಂಡಕ್ಕೆ ಬೇಲಿ ಹಾಕದೆ ಬಿಟ್ಟರೆ ಏನು ಉಳಿಸಿದ ಹಾಗಾಯಿತು?

ಅದಕ್ಕೆ ದನವನ್ನೇ ಓಡಿಸಿ ಅನ್ನುವ ಅವಸರವೂ ಬೇಡ. ಕ್ಯಾಲಿಫೋರ್ನಿಯಾದ ಮಳೆಹೊಂಡಗಳ ಸುತ್ತ ಮೇಯಿಸುವುದನ್ನು ನಿಲ್ಲಿಸಿ ನೋಡಿದಾಗ ಹೊರಗಿನಿಂದ ಬಂದ ಹುಲ್ಲು ದಟ್ಟವಾಗಿ ಬೆಳೆದು ನೀರು ಹೀರಿತು. ಹೊಂಡಗಳು ಮೇಯಿಸಿದ ಕಡೆಗಿಂತ ಸರಾಸರಿ 50 ದಿನ ಮೊದಲೇ ಒಣಗಿದವು. ಇದು 2005ರ ಅಧ್ಯಯನ. ಮೊದಲ ಬರಹದಲ್ಲಿ ಒಂದು ವಾರ ತಡವಾದರೆ ಸಾವು ಅಂತ ಸರಿಯಾಗಿಯೇ ಹೇಳಿದ್ದಾರೆ. ಹಾಗಾದರೆ 50 ದಿನ ಮೊದಲೇ ನೀರು ಬತ್ತಿದರೆ? ಹಬ್ಬುವ ಕಳೆಯನ್ನು ತಡೆಯುವುದೂ ಗೊದಮೊಟ್ಟೆಯನ್ನು ಕಾಯುವ ಕೆಲಸವೇ. ಎಷ್ಟೋ ಕಡೆ ಹೊಂಡ ಮುಚ್ಚಿಹಾಕುವ ಗಿಡಗಳನ್ನು ತೆಗೆಯಲು ಸಂರಕ್ಷಣೆಯ ಕೆಲಸ ಮಾಡುವವರೇ ಕಳೆನಾಶಕ ಹಿಡಿಯುತ್ತಾರೆ.

ಕಪ್ಪೆಗಳು ಅಳಿಯುತ್ತಿರುವ 41 ಶೇಕಡಾದ ಮಾತೂ ಬಂತು. ಆ ಸಮೀಕ್ಷೆಯಲ್ಲೇ ಮೊದಲ ಸ್ಥಾನದಲ್ಲಿರುವ ಅಪಾಯ ನೆಲೆ ಕಳೆದುಕೊಳ್ಳುವುದು. ಕೈಟ್ರಿಡ್ ಅನ್ನುವ ಶಿಲೀಂಧ್ರ ರೋಗದಿಂದ ಕನಿಷ್ಠ 501 ಜಾತಿಗಳು ಕ್ಷೀಣಿಸಿವೆ, ಅವುಗಳಲ್ಲಿ 90 ಬಹುಶಃ ಇಲ್ಲವೇ ಆಗಿವೆ ಅಂತ 2019ರ ಲೆಕ್ಕ. ಹುಲ್ಲುಗಾವಲು ಹಾಳಾಗಿ, ದನ ಸಾಕುವುದು ಗಿಟ್ಟದೆ ಹೋದರೆ ಆ ನೆಲ ಸುಮ್ನೆ ಹಾಗೇ ಉಳಿಯುವುದಿಲ್ಲ. ಉಳುಮೆಯಾಗುತ್ತದೆ, ಕಟ್ಟಡವಾಗುತ್ತದೆ. ಗೊರಸೂ ಇಲ್ಲ, ಗುಂಡಿಯೂ ಇಲ್ಲ.

ಕೈಯಲ್ಲಿ ಕೀಳಿ ಅನ್ನುವುದು ಸುಲಭ. ಲಂಟಾನದ ಬುಡ ಕಿತ್ತವರಿಗೆ ಗೊತ್ತು. ಬೇರು ಉಳಿದರೆ ಒಂದು ಕಡೆ ನಾಲ್ಕು ಚಿಗುರು. ಮಳೆಗಾಲ ಕಳೆದು ಗಿಡ ಬಲಿತ ಮೇಲೆ ಔಷಧಿ ಹೊಡೆಯಿರಿ ಅಂದರೆ ಜಾಸ್ತಿ ಪ್ರಮಾಣ ಬೇಕು, ಅಷ್ಟು ಹೊತ್ತಿಗೆ ಬೀಜವೂ ಬಿದ್ದಿರುತ್ತದೆ. ಮುಂದಿನ ವರ್ಷ ಎರಡು ಪಟ್ಟು ಕೆಲಸ, ಎರಡು ಪಟ್ಟು ವಿಷ.

ನಾನು ಮಾಡುವ ರೀತಿ ಹೇಳುತ್ತೇನೆ. ಮೊದಲು ಪೊದೆಯನ್ನು ನೆಲಮಟ್ಟಕ್ಕೆ ಕಡಿಯುತ್ತೇನೆ. ಕಡಿದ ತಕ್ಷಣ, ಕೊರಡಿನ ಬಿಳಿ ಗಾಯ ಒಣಗುವ ಮೊದಲೇ, ಕಳೆನಾಶಕದ ಸಣ್ಣ ಡಬ್ಬಿಯಲ್ಲಿ ಅದ್ದಿದ ಬ್ರಷ್‌ನಿಂದ ಅಂಚಿನ ಸುತ್ತ ಒಂದು ಸಲ ಸವರುತ್ತೇನೆ. ತೊಗಟೆಯ ಒಳಗಿನ ತೆಳು ಹಸಿರು ಉಂಗುರಕ್ಕೆ ತಾಗಿದರೆ ಸಾಕು, ಗಿಡ ತಾನೇ ಬೇರಿಗೆ ಒಯ್ಯುತ್ತದೆ. ಹಾರುವ ಹನಿ ಇಲ್ಲ, ಗಾಳಿಯ ಕಾಟ ಇಲ್ಲ. ಒಂದು ಪೊದೆಗೆ ಕೆಲವು ಹನಿ. ಎಳೆಯ ಗಿಡಗಳಿದ್ದರೆ ಔಷಧಿಯಲ್ಲಿ ನೆನೆದ ಬತ್ತಿಯ ಕೋಲಿನಿಂದ ಹುಲ್ಲಿನ ಮಟ್ಟಕ್ಕಿಂತ ಮೇಲಿರುವ ಎಲೆಗೆ ಮಾತ್ರ ಒರೆಸುತ್ತೇನೆ. ಪೂರ್ತಿ ತಡೆ ಬಂದರೆ ಈ ಬ್ರಷ್ಷೂ ಹೋಗುತ್ತದೆ, ಬೂಮ್ ಅನ್ನುವ ಸಾಲು ನಳಿಕೆಗಳ ಉದ್ದ ತೋಳು ಕಟ್ಟಿಕೊಂಡು ಬಯಲಿಡೀ ತೋಯಿಸುವ ಟ್ರ್ಯಾಕ್ಟರೂ ಹೋಗುತ್ತದೆ. ಎರಡೂ ಒಂದೇ ಅಂದರೆ ನಾನು ಒಪ್ಪುವುದಿಲ್ಲ.

ಒಂದು ಮಾತಿಗೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ. ಐದು ಸೆಂಟಿಮೀಟರ್ ನೀರಿನ ಲೆಕ್ಕ. ಅದನ್ನು ನಾನೂ ಎರಡು ಸಲ ಮಾಡಿ ನೋಡಿದೆ, ಸರಿಯಾಗಿದೆ. ತಳಕ್ಕೆ ಹೋಗಿ ಬಚ್ಚಿಟ್ಟುಕೊಳ್ಳಲು ಗೊರಸಿನ ಗುಂಡಿಯಲ್ಲಿ ತಳವೇ ಇಲ್ಲ. ಅಂಥ ತಗ್ಗು ಜಾಗದಲ್ಲಿ ಮಳೆ ನಿಂತಿರುವಷ್ಟು ದಿನ ಸ್ಪ್ರೇಯರ್ ಒಯ್ಯುವುದಿಲ್ಲ. ಕತ್ತಿ ಮತ್ತು ಬ್ರಷ್ ಒಯ್ಯುತ್ತೇನೆ, ಬ್ರಷ್ಷನ್ನು ಒಣನೆಲದ ಮೇಲೆ ನಿಂತು ಅದ್ದುತ್ತೇನೆ.